ಕೂಪನ್ ಕಡಿಮೆ ಮಾಡಿದ ಮೇಲೂ ಗ್ರಾಹಕರು ಮರಳಿ ಬಂದರು

ಕೂಪನ್ ಕೊಡದಿದ್ದರೆ ಎರಡನೇ ಆರ್ಡರ್ ಬರುವುದೇ ಇಲ್ಲ ಎಂದು ವಾದಿಸಿದವರೇ ಹೆಚ್ಚು. ನಮ್ಮ ಆನ್‌ಲೈನ್ ಅಂಗಡಿಯಲ್ಲಿ ಮರುಖರೀದಿ ನೂರಕ್ಕೆ 18ರ ಆಸುಪಾಸಿನಿಂದ 25 ದಾಟಿದೆ, ಕೂಪನ್ ಖರ್ಚು ಅರ್ಧಕ್ಕಿಂತ ಕೆಳಗಿದೆ. ಉಳಿದ ಹಣ ಹೋದದ್ದು ಮೂರು ಕಡೆಗೆ.

ಮೊದಲನೆಯದು ಡೆಲಿವರಿ ದಿನಾಂಕ. '3ರಿಂದ 5 ದಿನ' ಎನ್ನುವ ಬದಲು, ಆಯಾ ಪ್ರದೇಶದಲ್ಲಿ 10ರಲ್ಲಿ 9 ಪಾರ್ಸೆಲ್ ತಲುಪುವ ದಿನವನ್ನೇ ತೋರಿಸಿದೆವು. ಸರಾಸರಿ ತೋರಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮಾತು ತಪ್ಪಿದಂತೆಯೇ. ಮೊದಲ ವಾರಗಳಲ್ಲಿ ಆರ್ಡರ್ ತುಸು ಇಳಿಯುತ್ತದೆ, ಗಾಬರಿಯಾಗಿ ಹಿಂದೆಗೆಯಬೇಡಿ.

ಎರಡನೆಯದು ರೀಫಂಡ್. ವಾಪಸು ಬಂದ ಸರಕನ್ನು ಗೋದಾಮಿನಲ್ಲಿ ಪರೀಕ್ಷಿಸುವವರೆಗೆ ಕಾಯದೆ, ಕೊರಿಯರ್‌ನವರು ಸ್ಕ್ಯಾನ್ ಮಾಡಿದ ಕೂಡಲೇ ಹಣ ಬಿಡುಗಡೆ. ಖಾಲಿ ಡಬ್ಬ ಕಳಿಸುವವರೂ ಇರುತ್ತಾರೆ, ಆದ್ದರಿಂದ ಮೊತ್ತಕ್ಕೂ ಆ ಗ್ರಾಹಕರು ಹಿಂದೆ ಮಾಡಿದ ವಾಪಸಾತಿಗೂ ಮಿತಿ ಬೇಕು. ನಮ್ಮ ಮಿತಿಯ ಲೆಕ್ಕ ಮಾತ್ರ ಹೇಳುವುದಿಲ್ಲ.

ಹೆಚ್ಚು ಫಲ ಕೊಟ್ಟದ್ದು ಮೂರನೆಯದು: ನೆನಪೋಲೆಯ ಸಮಯ. ಶಾಂಪೂ, ಬ್ಲೇಡ್, ಪ್ರಿಂಟರ್ ಇಂಕ್‌ನಂಥ ಮುಗಿದುಹೋಗುವ ಸರಕಿಗೆ ಮೊದಲ ಮತ್ತು ಎರಡನೇ ಆರ್ಡರ್ ನಡುವಿನ ಅಂತರ ತೆಗೆದು ಅದರ ಮಧ್ಯಾಂಕ (ಎಲ್ಲ ಅಂತರಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ಹಿಡಿಯಿರಿ. ಸರಾಸರಿ ಬೇಡ, ವರ್ಷಕ್ಕೊಮ್ಮೆ ಬರುವವರು ಅದನ್ನು ಎಳೆದುಬಿಡುತ್ತಾರೆ. ಹೊಸಬರನ್ನು ಸೇರಿಸಿದರೆ ಲೆಕ್ಕ ಕೆಡುತ್ತದೆ: ಅವರಲ್ಲಿ ಬೇಗ ಮರಳಿದವರಷ್ಟೇ ಕಾಣಿಸುವುದರಿಂದ ಅಂತರ ಸುಳ್ಳಾಗಿ ಕುಗ್ಗುತ್ತದೆ. ಮೊದಲ ಆರ್ಡರ್ ಕೊಟ್ಟು ವರ್ಷ ದಾಟಿದ ಗ್ರಾಹಕರನ್ನಷ್ಟೇ ತೆಗೆದುಕೊಳ್ಳಿ. ಒಟ್ಟಿಗೆ ಎರಡು ಮೂರು ಕೊಂಡವರ ಅಂತರವನ್ನು ಸಂಖ್ಯೆಯಿಂದ ಭಾಗಿಸಿ. ಆ ಅಂತರದ ಸುಮಾರು 80% ಕಳೆದಾಗ ಒಂದೇ ಸಂದೇಶ, ಅದೇ ಸರಕು, ಒತ್ತಿದರೆ ನೇರ ಕಾರ್ಟ್‌ಗೆ. ರಿಯಾಯಿತಿ ಇಲ್ಲ. ಎರಡನೇ ಸಂದೇಶ ಹೋದರೆ ಅನ್‌ಸಬ್‌ಸ್ಕ್ರೈಬ್, ಅಂದರೆ ಸಂದೇಶವೇ ಬೇಡ ಎನ್ನುವವರ ಸಂಖ್ಯೆ, ಏರುತ್ತದೆ.

ಹೋಲಿಕೆಗಾಗಿ ನೂರಕ್ಕೆ 10 ಗ್ರಾಹಕರನ್ನು, ಏನನ್ನೂ ಕಳಿಸದೆ, ಬದಿಗಿಡಲೇಬೇಕು. ಇಲ್ಲದಿದ್ದರೆ ತಾವಾಗಿಯೇ ಬರುತ್ತಿದ್ದವರ ಖರೀದಿಯೂ ಸಂದೇಶದ ಖಾತೆಗೆ ಬೀಳುತ್ತದೆ. ನಮ್ಮ ಕೂಪನ್ ಮಾರಾಟದ ದೊಡ್ಡ ಪಾಲು ಹಾಗೆಯೇ ಕೂಪನ್ ಖಾತೆಗೆ ಬಿದ್ದದ್ದು.

ಪಕ್ಕದಲ್ಲೇ ಇನ್ನೊಂದು ಪ್ರಯೋಗ: ಚೆಕ್‌ಔಟ್‌ನಲ್ಲಿ ಎದ್ದು ಕಾಣುತ್ತಿದ್ದ ಕೂಪನ್ ಕೋಡ್ ಖಾನೆಯನ್ನು ಸಣ್ಣ ಲಿಂಕ್ ಹಿಂದೆ ಸರಿಸಿದೆವು. ಖಾಲಿ ಖಾನೆ ಕಂಡವರು ಕೋಡ್ ಹುಡುಕಲು ಹೊರಗೆ ಹೋಗಿ ಮರಳದಿರುವುದು ಕಡಿಮೆಯಾಯಿತು.

ಬಟ್ಟೆ, ಚಪ್ಪಲಿಗೆ ಅಂತರದ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಗ್ರಾಹಕರು ವಾಪಸು ಮಾಡದೆ ಇಟ್ಟುಕೊಂಡ ಅಳತೆಯನ್ನೇ ಮುಂದಿನ ಸಲ ಮೊದಲು ತೋರಿಸಬೇಕು. ಅದೂ ಬ್ರ್ಯಾಂಡ್‌ವಾರು, ಏಕೆಂದರೆ ಒಂದರ 8 ಇನ್ನೊಂದರ 9.