ಮೊದಲು ಇಮೇಲ್ ಭದ್ರ ಮಾಡಿಕೊಳ್ಳಿ

ಆನ್‌ಲೈನ್ ಸುರಕ್ಷತೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬ್ಯಾಂಕ್ ಆ್ಯಪ್. ಇಮೇಲ್ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಯಾವುದೋ ಖಾತೆಯ ಪಾಸ್‌ವರ್ಡ್ ಮರೆತಾಗ ಹೊಸದನ್ನು ಇಡಲು ಲಿಂಕ್ ಬರುವುದು ಎಲ್ಲಿಗೆ? ಹೆಚ್ಚಾಗಿ ಇಮೇಲ್‌ಗೇ ಅಲ್ವಾ? ಅದು ಬೇರೆಯವರ ಕೈ ಸೇರಿದರೆ ಉಳಿದ ಖಾತೆಗಳೂ ಒಂದೊಂದಾಗಿ ಅವರ ಪಾಲಾಗುತ್ತವೆ. ಆದ್ದರಿಂದ ಕೆಲಸ ಅಲ್ಲಿಂದಲೇ ಶುರು ಮಾಡಿ.

ಮೊದಲನೆಯದು ಪಾಸ್‌ವರ್ಡ್. ಇಮೇಲ್‌ಗೆ ಇಟ್ಟದ್ದು ಬೇರೆಲ್ಲೂ ಇರಬಾರದು. ಯಾವುದೋ ಸಣ್ಣ ಜಾಲತಾಣದಿಂದ ಪಾಸ್‌ವರ್ಡ್‌ಗಳು ಸೋರಿಕೆಯಾದರೆ ಕಳ್ಳರು ಅದೇ ಇಮೇಲ್, ಅದೇ ಪಾಸ್‌ವರ್ಡ್ ಹಿಡಿದು ನೂರಾರು ಕಡೆ ಹಾಕಿ ನೋಡುತ್ತಾರೆ, ಅದೂ ಕೈಯಿಂದಲ್ಲ, ಪ್ರೋಗ್ರಾಂ ಬಿಟ್ಟು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಪದಗಳನ್ನು ಸೇರಿಸಿ ಉದ್ದ ಮಾಡಿ. ಏಣಿ, ನವಿಲು, ಬುಧವಾರ, ಗುಂಡಿ, ಹೀಗೆ. (ಇದನ್ನೇ ಇಡಬೇಡಿ, ನಿಮ್ಮದೇ ಹುಡುಕಿ.) ಮಕ್ಕಳ ಹೆಸರು, ಹುಟ್ಟಿದ ತಾರೀಖು ಬೇಡವೇ ಬೇಡ. ಉಳಿದ ಖಾತೆಗಳ ಪಾಸ್‌ವರ್ಡ್ ನೆನಪಿಡಲು ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಅವನ್ನೆಲ್ಲ ಭದ್ರವಾಗಿ ಕೂಡಿಟ್ಟುಕೊಳ್ಳುವ ಆ್ಯಪ್, ಬಳಸಿ. ಸುಮ್ನೆ ತಿಂಗಳಿಗೊಮ್ಮೆ ಬದಲಿಸುವ ಅಗತ್ಯವಿಲ್ಲ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಕೂಡ 2017ರಲ್ಲೇ ಕಾರಣವಿಲ್ಲದೆ ಪದೇ ಪದೇ ಬದಲಾಯಿಸಲು ಒತ್ತಾಯಿಸಬೇಡಿ ಎಂದಿತ್ತು. ಸೋರಿಕೆಯಾಗಿದೆ ಅಂತ ಗೊತ್ತಾದರೆ ಮಾತ್ರ ತಡಮಾಡಬೇಡಿ.

ಆಮೇಲೆ ಇಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆ ಕೇಳುವ ವ್ಯವಸ್ಥೆ, ಆನ್ ಮಾಡಿ. ಎಸ್ಸೆಮ್ಮೆಸ್‌ನಲ್ಲಿ ಬರುವ ಕೋಡ್ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ, ಆದರೆ ನಿಮ್ಮ ನಂಬರ್‌ಗೆ ಯಾರಾದರೂ ಮೋಸದಿಂದ ಹೊಸ ಸಿಮ್ ಪಡೆದರೆ ಆ ಕೋಡ್ ಅವರಿಗೆ ಹೋಗುತ್ತದೆ. ಫೋನ್‌ನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಇನ್ನೂ ಒಳ್ಳೆಯದು, ಅದರಲ್ಲಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಕೋಡ್ ಬದಲಾಗುತ್ತದೆ. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನ್‌ನ ಬೆರಳಚ್ಚು ಅಥವಾ ಸ್ಕ್ರೀನ್ ಲಾಕ್‌ನಿಂದ ಲಾಗಿನ್ ಆಗುವುದು) ಸೌಲಭ್ಯ ಇದ್ದರೆ ಅದನ್ನೇ ಆರಿಸಿ, ಏಕೆಂದರೆ ನಕಲಿ ತಾಣದಲ್ಲಿ ಅದು ಕೆಲಸವೇ ಮಾಡುವುದಿಲ್ಲ. ಫೋನ್ ಕಳೆದುಹೋದಾಗ ಬಳಸಲು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಜೋಪಾನವಾಗಿಡಿ.

ಈಗ ಲಿಂಕ್ ವಿಷಯ. ಇಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ವಿಳಾಸದ ಶುರುವಿನಲ್ಲಿ ಬ್ಯಾಂಕ್ ಹೆಸರು ಕಂಡಿತು ಅಂತ ನಂಬಬೇಡಿ. ಎಚ್‌ಟಿಟಿಪಿಎಸ್ ಮತ್ತು ಎರಡು ಓರೆಗೆರೆ ಬಿಟ್ಟು ಮುಂದೆ ಬನ್ನಿ, ಅಲ್ಲಿಂದ ಸಿಗುವ ಮೊದಲ ಒಂಟಿ ಓರೆಗೆರೆಯ ಹತ್ತಿರ ನಿಲ್ಲಿ, ಈಗ ಹಿಂದಕ್ಕೆ ಓದಿ. 'ನನ್ನಬ್ಯಾಂಕ್ ಡಾಟ್ ಕಾಮ್ ಡಾಟ್ ಲಾಗಿನ್‌ಚೆಕ್ ಡಾಟ್ ಇನ್ಫೋ' ಅಂತ ಇದ್ದರೆ ಅದು ನನ್ನಬ್ಯಾಂಕ್‌ನದ್ದಲ್ಲ, ಲಾಗಿನ್‌ಚೆಕ್ ಎಂಬ ಹೆಸರು ಕೊಂಡವನದ್ದು. ವಿಳಾಸದ ಪಕ್ಕ ಕಾಣುವ ಬೀಗದ ಗುರುತನ್ನೂ ನಂಬಿ ಕೂರಬೇಡಿ. ನಡುದಾರಿಯಲ್ಲಿ ಯಾರೂ ಓದಲಾರರು ಅಂತಷ್ಟೇ ಅದರರ್ಥ, ಆ ಕಡೆ ಇರುವವನು ಪ್ರಾಮಾಣಿಕ ಅಂತಲ್ಲ. ಅನುಮಾನ ಬಂದರೆ ಲಿಂಕ್ ಒತ್ತದೆ, ನೀವು ಯಾವಾಗಲೂ ಬಳಸುವ ಆ್ಯಪ್ ತೆರೆದು ನೋಡಿ.

ಆ್ಯಪ್‌ಗಳ ಅನುಮತಿಗಳನ್ನೂ ಒಮ್ಮೆ ನೋಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಏಕೆ ಬೇಕು? ತೆಗೆದುಹಾಕಿ. ಫೋನ್ ಅಪ್‌ಡೇಟ್ ಬಂದಾಗ ಮುಂದೂಡಬೇಡಿ. ಫೋನ್ ಮಾಡಿ ಓಟಿಪಿ ಕೇಳಿದವರು, ಸ್ಕ್ರೀನ್ ಶೇರ್ ಮಾಡಿ ಎಂದವರು ಎಷ್ಟೇ ಗೌರವದಿಂದ ಮಾತಾಡಲಿ, ಕರೆ ಕಟ್ ಮಾಡಿ.

ಆಗಲೇ ಎಲ್ಲೋ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದೀರಾ? ನಾಚಿಕೆ ಬೇಡ, ಈ ಮೋಸ ಯಾರಿಗೂ ಆಗಬಹುದು. ಬೇರೆ ಸಾಧನದಿಂದ ಕೂಡಲೇ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಹಣದ ವಿಷಯವಾದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ. ಇಮೇಲ್‌ನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಸೆಟ್ಟಿಂಗ್ಸ್ ಮಾತ್ರ ನೋಡದೆ ಬಿಡಬೇಡಿ. ನುಗ್ಗಿದವರು ಎಷ್ಟೋ ಸಲ ನಿಮ್ಮ ಮೇಲ್‌ಗಳ ಪ್ರತಿ ತಮಗೂ ಬರುವ ಹಾಗೆ ಅಲ್ಲಿ ಏರ್ಪಾಡು ಮಾಡಿರುತ್ತಾರೆ, ಪಾಸ್‌ವರ್ಡ್ ಬದಲಿಸಿದರೂ ಅದು ನಿಲ್ಲುವುದಿಲ್ಲ. ನಿಮಗೆ ಗೊತ್ತಿಲ್ಲದ ವಿಳಾಸ ಅಲ್ಲಿ ಕಂಡರೆ ಅಳಿಸಿ.