ನಗರ ರೇಡಿಯೊದಲ್ಲಿ ಹತ್ತು ನಿಮಿಷ: ಶಿರಸಿ-ಕಾರವಾರದ ಕಡೆಯಿಂದ ಬಂದ ಹೊಸಬರಿಗೆ

ಹೊರದೇಶದ ದೊಡ್ಡ ಊರುಗಳಲ್ಲಿ ಹುಡುಕಿದರೆ ಒಂದಾದರೂ ಸಮುದಾಯ ರೇಡಿಯೊ ಸಿಗುತ್ತದೆ. ಅಮೆರಿಕದ ಬರ್ಕ್ಲಿಯ ಕೆಪಿಎಫ್‌ಎ 1949ರಲ್ಲಿ ಶುರುವಾದದ್ದು, ಬಹುಮಟ್ಟಿಗೆ ಕೇಳುಗರ ದುಡ್ಡಿನ ಮೇಲೆ ನಡೆದು ಬಂದಿದೆ. ಮೆಲ್ಬರ್ನ್‌ನ ಥ್ರೀ ಟ್ರಿಪಲ್ ಝಡ್, ಬ್ರಿಸ್ಬೇನ್‌ನ ಫೋರ್ ಇಬಿ ಹತ್ತಾರು ಭಾಷೆಗಳಿಗೆ ಜಾಗ ಕೊಟ್ಟಿವೆ. ಇಂಥ ಸ್ಟೇಷನ್ನುಗಳಲ್ಲಿ ವಾರಕ್ಕೊಮ್ಮೆ, ಒಂದೆರಡು ಗಂಟೆ, ಎಲ್ಲ ದೇಶದ ಸಂಗೀತ ಹಾಕುವ ಕಾರ್ಯಕ್ರಮ ಇದ್ದೇ ಇರುತ್ತದೆ. ನಡೆಸುವವರು ಹೊಸ ದನಿ ಹುಡುಕುತ್ತಲೇ ಇರುತ್ತಾರೆ, ನಮ್ಮ ಊರಿನ ಹಾಡು ತರುತ್ತೇವೆ ಎಂದು ಒಂದು ಇಮೇಲ್ ಹಾಕಿದರೆ ಹತ್ತು ನಿಮಿಷಕ್ಕೆ ಕರೆಯುತ್ತಾರೆ. ಸ್ವಯಂಸೇವಕರ ಅರ್ಜಿ, ಸದಸ್ಯತ್ವದ ಶುಲ್ಕ, ಸ್ಟುಡಿಯೊ ತರಬೇತಿ: ಕೇಳಿದ್ದು ತುಂಬಿ ಕೊಡಿ, ಅಷ್ಟೆ. ಕಷ್ಟ ಇರುವುದು ಕರೆದ ಮೇಲೆ.

ನಮ್ಮವರ ದೊಡ್ಡ ಎಡವಟ್ಟು, ಹತ್ತು ನಿಮಿಷ ಸಿಕ್ಕಿತೆಂದರೆ ಇಡೀ ಕರ್ನಾಟಕವನ್ನು ಹೊತ್ತುಕೊಂಡು ಹೋಗುವುದು. ಒಂದು ದೇವರನಾಮ, ಒಂದು ಭಾವಗೀತೆ, ಒಂದು ಸಿನಿಮಾ ಹಾಡು, ಕೊನೆಗೆ ಯಕ್ಷಗಾನದ ಚೂರು. ಕೇಳುವವರಿಗೆ ಯಾವುದೂ ಉಳಿಯುವುದಿಲ್ಲ. ‘ವರ್ಲ್ಡ್ ಮ್ಯೂಸಿಕ್’ ಎನ್ನುವುದು 1987ರಲ್ಲಿ ರೆಕಾರ್ಡ್ ಕಂಪನಿಯವರು ಲಂಡನ್‌ನ ಒಂದು ಪಬ್‌ನಲ್ಲಿ ಕೂತು, ಅಂಗಡಿಯ ಕಪಾಟಿಗೆ ಬೇಕೆಂದು ಒಪ್ಪಿಕೊಂಡ ಹಣೆಪಟ್ಟಿ. ಆ ಕಪಾಟಿಗೆ ‘ಇಂಡಿಯಾ’ ಎಂದು ಏನು ಹಾಕಿದರೂ ಸಿತಾರಿನ ಪಕ್ಕಕ್ಕೆ ಹೋಗಿ ಬೀಳುತ್ತದೆ. ಆದ್ದರಿಂದ ಒಂದು ವಾರಕ್ಕೆ ಒಂದೇ ದನಿ, ಅದರ ಊರಿನ ಹೆಸರಿನ ಜೊತೆ. ಅಂಕೋಲಾದ ಹಾಲಕ್ಕಿ ಒಕ್ಕಲಿಗರು ಮಣ್ಣಿನ ಗುಮಟೆ ಬಾರಿಸುತ್ತ ಹಾಡುವ ಗುಮಟೆ ಪಾಂಗು ಎಂದರೆ ಅದೊಂದೇ. ಯಲ್ಲಾಪುರದ ಸಿದ್ದಿಗಳ ಡೋಲಿನ ಕುಣಿತ ಡಮಾಮಿ ಎಂದರೆ ಅದೊಂದೇ.

ಸಮಯದ ಲೆಕ್ಕ ಹೀಗೆ ಇಟ್ಟುಕೊಳ್ಳಿ: ಪರಿಚಯಕ್ಕೆ 40 ಸೆಕೆಂಡು, ಮೊದಲ ಹಾಡಿಗೆ ನಾಲ್ಕೂವರೆಯಿಂದ ಐದು ನಿಮಿಷ, ಮಾತಿಗೆ ಒಂದೂವರೆ, ಎರಡನೆಯ ತುಣುಕಿಗೆ ಎರಡೂವರೆ. ಹಾಡು ಮುಗಿದ ಮೇಲೆ ಹಾಡಿದವರ ಹೆಸರು ಮತ್ತೊಮ್ಮೆ ಹೇಳಲೇಬೇಕು, ಕಾರಿನಲ್ಲಿ ಕೇಳುವವರು ನಡುವೆ ಬಂದು ಸೇರಿಕೊಂಡಿರುತ್ತಾರೆ. ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದು ಹಿಂಸೆಯೇ. ಪ್ರಸಂಗದ ಕಥೆ ಹೇಳಲು ಹೊರಟು, ಪಾಂಡವರ ವನವಾಸದಿಂದ ಶುರು ಮಾಡಿ, ಪದ್ಯ ಬರುವ ಹೊತ್ತಿಗೆ ಸಮಯ ಮುಗಿಸಿಕೊಂಡವರು ಬಹಳ ಜನ. ಕಥೆಗೆ ಎರಡೇ ವಾಕ್ಯ: ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಈಗ ಏನಾಗಲಿದೆ. ಉಳಿದದ್ದನ್ನು ಪದ್ಯ ಹಾಡುವ ಭಾಗವತರು ನೋಡಿಕೊಳ್ಳುತ್ತಾರೆ.

ರೆಕಾರ್ಡಿಂಗ್ ಊರಲ್ಲೇ ಮಾಡಿ ತರುವುದು ಒಳ್ಳೆಯದು. ಯಕ್ಷಗಾನವನ್ನು ಮೊಬೈಲಿನಲ್ಲಿ ಹಿಡಿದರೆ ಚಂಡೆ ಕೆಡಿಸುತ್ತದೆ. ಫೋನು ದನಿಯ ಮಟ್ಟವನ್ನು ತಾನೇ ಏರಿಳಿಸುತ್ತಿರುತ್ತದೆ; ಚಂಡೆಯ ಪೆಟ್ಟು ಬಿದ್ದೊಡನೆ ಮಟ್ಟ ತಗ್ಗಿಸುತ್ತದೆ, ಭಾಗವತರ ದನಿ ಒಂದು ಕ್ಷಣ ಮುಳುಗಿ ಮತ್ತೆ ಮೇಲೆ ಬರುತ್ತದೆ. ಹೀಗೆ ಉಸಿರಾಡುವ ಧ್ವನಿಯನ್ನು ಆಮೇಲೆ ಯಾರಿಂದಲೂ ಸರಿಮಾಡಲಾಗದು. ಕೈಯಲ್ಲಿ ಹಿಡಿಯುವ ರೆಕಾರ್ಡರ್ ತನ್ನಿ, ಆಟೊ ಲೆವೆಲ್ ಆಫ್ ಮಾಡಿ, ಅತಿ ಜೋರು ಪೆಟ್ಟು ಅದರ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಇಡಿ. ಭಾಗವತರ ಎದುರು ಐದಾರು ಅಡಿ ದೂರ, ಅವರ ಬಾಯಿಯ ಎತ್ತರಕ್ಕೆ ರೆಕಾರ್ಡರ್ ಇರಲಿ. ಚಂಡೆಯವರನ್ನು ನಾಲ್ಕು ಅಡಿ ಹಿಂದೆ ಕೂರಲು ವಿನಯದಿಂದ ಕೇಳಿ. ವಿನಯ ಮುಖ್ಯ, ಚಂಡೆಯವರಿಗೆ ಹಿಂದೆ ಸರಿ ಎಂದರೆ ಬೇಜಾರಾಗುತ್ತದೆ. ಹಾಡಿಗೆ ಮುಂಚೆ, ಹಾಡಾದ ಮೇಲೆ ಬರೀ ಶ್ರುತಿಪೆಟ್ಟಿಗೆ ಅರ್ಧ ನಿಮಿಷ ನುಡಿಯಲಿ, ಕತ್ತರಿಸಿ ಜೋಡಿಸಲು ಅದೇ ಆಧಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಹೋಗಬೇಡಿ. ತಗಡಿನ ಮೇಲಿನ ಮಳೆ, ಹೋದ ಕರೆಂಟು, ಥಂಡಿಗೆ ಸಡಿಲಾದ ಚರ್ಮ, ಮೂರೂ ಸೇರಿರುತ್ತವೆ. ಸುಗ್ಗಿ ಕುಣಿತ ಬೇಕಾದರೆ ಹೋಳಿ ಹುಣ್ಣಿಮೆಯ ಆಸುಪಾಸಿಗೆ ರಜೆ ಹಾಕಿ. ಶಿರಸಿಯ ಹೋಳಿ ಕುಣಿತ ಬೇಡರ ವೇಷ ಪ್ರತಿ ವರ್ಷ ಇರುವುದಿಲ್ಲ, ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದ ಹೋಳಿಗೆ ಹೋಗಬೇಕು.

ಚಂಡೆಯನ್ನು ಸ್ಟುಡಿಯೊಗೆ ಹೊತ್ತೊಯ್ಯಬೇಡಿ ಮಾರಾಯ್ರೆ. ಹತ್ತಡಿ ಕೋಣೆಯಲ್ಲಿ ಅದು ಬರೀ ಗದ್ದಲ. ಪದ್ಯ, ತಾಳ, ಮದ್ದಲೆ ಸಾಕು. ಚಳಿದೇಶದಲ್ಲಿ ಹೀಟರ್‌ನ ಒಣಗಾಳಿಗೆ ಮದ್ದಲೆಯ ಚರ್ಮ ಬಿಗಿದು ಸೀಳುತ್ತದೆ, ಬಾರಿಸದ ದಿನ ಬಾರು ಸಡಿಲ ಮಾಡಿಟ್ಟಿರಿ.

ಮೈಕಿನ ಮುಂದೆ ಕೂತಾಗ ನಮ್ಮ ಮಹಾಪ್ರಾಣಗಳು ಕೈಕೊಡುತ್ತವೆ. ‘ಭಾಗವತ’ ಎಂದರೇ ಮೈಕು ಪಟ್ಟೆನ್ನುತ್ತದೆ. ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ ಮಾತಾಡಿ. ಗಾಜಿನ ಬಳೆ, ರೇಷ್ಮೆ ಸೀರೆಯ ಸರಸರ, ಮಡಿಸುವ ಕಾಗದ ಎಲ್ಲವೂ ಪ್ರಸಾರವಾಗುತ್ತವೆ. ಇನ್ನೊಂದು, ನಮ್ಮೊಳಗೆ ಕೂತಿರುವ ಆಕಾಶವಾಣಿ. 1950ರಲ್ಲಿ ಶುರುವಾದ ಧಾರವಾಡ ಕೇಂದ್ರವನ್ನು ಕೇಳಿ ಬೆಳೆದ ಮನೆಗಳವರು ಮೈಕು ಕಂಡೊಡನೆ ವಾರ್ತೆ ಓದುವವರಾಗಿಬಿಡುತ್ತಾರೆ. ಇಲ್ಲಿಯ ಕಾರ್ಯಕ್ರಮಕ್ಕೆ ಜಗಲಿಯ ಮಾತು ಬೇಕು. ನಿರೂಪಕರಿಗೆ ಕಲಾವಿದರ, ಊರಿನ ಹೆಸರುಗಳನ್ನು ಮೊದಲೇ ನಿಧಾನವಾಗಿ ಹೇಳಿ ವಾಯ್ಸ್ ಮೆಸೇಜ್ ಕಳಿಸಿ, ಇಲ್ಲದಿದ್ದರೆ ಹೊನ್ನಾವರ ಏನಾಗಿ ಹೊರಬರುತ್ತದೋ ಹೇಳಲಾಗದು.

ಹಿಂದೂಸ್ತಾನಿ ಹಾಕುವ ಆಸೆ ಸಹಜ, ಹಾಸಣಗಿಯ ಗಣಪತಿ ಭಟ್ಟರು ನಮ್ಮ ಯಲ್ಲಾಪುರದ ಕಡೆಯವರೇ. ಆದರೆ ನಿಧಾನ ಲಯದ ವಿಲಂಬಿತ ಖಯಾಲನ್ನು ಐದು ನಿಮಿಷಕ್ಕೆ ಕತ್ತರಿಸುವುದು ಪಾಪದ ಕೆಲಸ. ಅಲ್ಲದೆ ತೀರ ಮೆಲ್ಲಗಿನ ಆಲಾಪ ಕಾರಿನ ಎಂಜಿನ್ನಿನ ಸದ್ದಿನಲ್ಲಿ ಕರಗಿಹೋಗುತ್ತದೆ. ಮೌನ ಗುರುತಿಸುವ ಯಂತ್ರ ಇರುವ ಸ್ಟೇಷನ್ನಿನಲ್ಲಿ ಅಲಾರಾಂ ಹೊಡೆದರೂ ಹೊಡೆಯಿತು. ವೇಗದ ದ್ರುತ್ ಬಂದಿಶ್, ತರಾನಾ, ಭಜನ್ ಆರಿಸಿ.

ಹಕ್ಕಿನ ವಿಷಯದಲ್ಲಿ ಸಡಿಲ ಬೇಡ. ಪರಂಪರೆಯ ಹಾಡಾದರೆ ಅದು ಎಲ್ಲರದ್ದು, ಆದರೆ ರೆಕಾರ್ಡಿಂಗ್ ಎಲ್ಲರದ್ದಲ್ಲ. ಯೂಟ್ಯೂಬ್‌ನಿಂದ ಇಳಿಸಿಕೊಂಡದ್ದನ್ನು ಹಾಕಬಾರದು. ಹಾಡಿದವರ ಒಪ್ಪಿಗೆಯನ್ನು ಅವರ ದನಿಯಲ್ಲೇ, ಕನ್ನಡದಲ್ಲೇ ರೆಕಾರ್ಡ್ ಮಾಡಿಕೊಂಡು, ಕೈಗೆ ಸಂಭಾವನೆ ಕೊಟ್ಟು ಬನ್ನಿ. ಹಾಡುಗಳ ಪಟ್ಟಿಯಲ್ಲಿ ‘ಜಾನಪದ, ಅಜ್ಞಾತ’ ಎಂದು ಬರೆಯುವ ಚಾಳಿ ಬಿಡಿ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಅವರ ಹೆಸರಿಗೆ, ಅಜ್ಞಾತರಿಗಲ್ಲ. ಡಮಾಮಿ ಹಾಕಿದ ದಿನ ನಿರೂಪಕರು ‘ಇಂಡಿಯಾದಲ್ಲಿ ಆಫ್ರಿಕಾ’ ಎಂದು ಕುಣಿದಾಡುತ್ತಾರೆ. ಸಿದ್ದಿಗಳು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಎಂಬುದನ್ನು ಹೇಳಿ. ತಲೆಮಾರುಗಳಿಂದ ಅವರು ನಮ್ಮ ನೆರೆಯವರು ಎಂಬುದನ್ನೂ ಅಷ್ಟೇ ಜೋರಾಗಿ ಹೇಳಿ. ಊರಲ್ಲಿದ್ದಾಗ ಆ ನೆರೆಯವರ ಅಂಗಳಕ್ಕೆ ಎಷ್ಟು ಜನ ಕಾಲಿಟ್ಟಿದ್ದರು ಎಂದು ಕೇಳಿಕೊಂಡರೆ ನಮ್ಮಲ್ಲಿ ಹಲವರಿಗೆ ಉತ್ತರ ಹೇಳಲು ನಾಚಿಕೆಯಾಗುತ್ತದೆ. ಹೊರದೇಶಕ್ಕೆ ಬಂದ ಮೇಲೆ ಸಿದ್ದಿಯೂ ಹಾಲಕ್ಕಿಯೂ ಭಟ್ಕಳದ ನವಾಯತ ಮುಸ್ಲಿಮರೂ ‘ನಮ್ಮವರು’ ಆಗುತ್ತಾರೆ. ತಡವಾಗಿಯಾದರೂ ಆಗಲಿ.

ಮಕ್ಕಳನ್ನು ಕರೆದೊಯ್ಯಿರಿ, ಆದರೆ ಬಾಯಿಪಾಠ ಒಪ್ಪಿಸಲು ಅಲ್ಲ. ಪರಿಚಯವನ್ನು ಇಂಗ್ಲಿಷಿನಲ್ಲಿ ಅವರೇ ಬರೆದು ಓದಲಿ. ಅವರು ಹಾಡನ್ನು ಅರ್ಧಕ್ಕೇ ನಿಲ್ಲಿಸಿ ‘ಇಲ್ಲಿ ಏನು ಹೇಳ್ತಿದಾರೆ’ ಎಂದು ಕೇಳುವ ಜಾಗದಲ್ಲೇ ಕೇಳುಗರಿಗೂ ವಿವರಣೆ ಬೇಕಾಗಿರುತ್ತದೆ. ಕೇಳಿದ್ದಕ್ಕೆ ಎಷ್ಟೋ ಸಲ ನಮ್ಮಲ್ಲೂ ಉತ್ತರವಿರುವುದಿಲ್ಲ. ಹಾಲಕ್ಕಿ ಪದಗಳ ಅರ್ಥ ಊರಿನ ಹಿರಿಯರನ್ನೇ ಕೇಳಬೇಕು, ಅಂಥವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಆ ಫೋನನ್ನು ಮಕ್ಕಳ ಕೈಯಿಂದಲೇ ಮಾಡಿಸಿ.

ಊರಿನವರನ್ನು ನೇರ ಪ್ರಸಾರಕ್ಕೆ ಹಿಡಿಯುವ ಸಾಹಸ ಬೇಡ. ಇಲ್ಲಿ ಹಲವು ಕಡೆ ಗಡಿಯಾರ ವರ್ಷಕ್ಕೆರಡು ಸಲ ಹಿಂದೆ ಮುಂದೆ ಆಗುತ್ತದೆ, ಅಲ್ಲಿ ಆಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಭಾನುವಾರ ಬೆಳಿಗ್ಗೆ 9 ಎಂದರೆ ಶಿರಸಿಯಲ್ಲಿ ಬೇಸಿಗೆಗೆ ರಾತ್ರಿ 9.30, ಚಳಿಗಾಲಕ್ಕೆ 10.30. ಸಿಗ್ನಲ್ ಸಿಕ್ಕರೂ ಆಯಿ ಆಗಲೇ ಮಲಗಿರುತ್ತಾಳೆ. ಒಂದು ಫೋನಿನಲ್ಲಿ ಮಾತಾಡುತ್ತ, ಇನ್ನೊಂದು ಫೋನಿನಲ್ಲಿ ಅಲ್ಲಿಯೇ ರೆಕಾರ್ಡ್ ಮಾಡಿಸಿ, ಆ ಫೈಲನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ವಾಯ್ಸ್ ಮೆಸೇಜ್ ಆದರೆ ದನಿ ಹಿಂಡಿ ಹೋಗಿರುತ್ತದೆ, ಹೆಸರು ಹೇಳಲಷ್ಟೇ ಸಾಕು.

ಪ್ರಸಾರವಾದ ಮೇಲೆ ಹಾಡಿದವರಿಗೂ ಫೈಲ್ ಕಳಿಸಿ. ಪೂರ್ತಿ ಕಾರ್ಯಕ್ರಮವಲ್ಲ, ಅವರ ಹೆಸರು ಬರುವ ಭಾಗವನ್ನು ಮಾತ್ರ ಕತ್ತರಿಸಿ. ಅಂಕೋಲಾದಲ್ಲಿ ಕೂತು ಒಂದು ಗಂಟೆ ಇಂಗ್ಲಿಷ್ ಕೇಳುವ ಪುರುಸೊತ್ತು ಯಾರಿಗೂ ಇಲ್ಲ.