ಗುಂಪು ಕಟ್ಟಿಕೊಂಡು ಗೋ-ಕಾರ್ಟಿಂಗ್‌ಗೆ ಹೊರಟಿದ್ದೀರಾ? ಬುಕ್ ಮಾಡುವ ಮೊದಲು ಇಷ್ಟು ಕೇಳಿ

ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲರೂ ಸೇರಿ ಎಲ್ಲಾದರೂ ಹೋಗೋಣ ಅಂದರೆ ಜಾಗದ ಮೇಲೇ ಮೊದಲ ಜಗಳ. ಜಲಪಾತ ಬೇಡ, ಕಾಲು ಜಾರುತ್ತದೆ. ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಅದಕ್ಕೇ ಈಗ ಆಫೀಸಿನವರು, ಕಾಲೇಜಿನವರು, ಅತ್ತೆ ಮಾವಂದಿರ ಮಕ್ಕಳ ದಂಡು ಎಲ್ಲ ಸೂರಿನಡಿಯ ಗೋ-ಕಾರ್ಟಿಂಗ್, ಅಂದರೆ ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸುವ ಜಾಗ, ಹುಡುಕುತ್ತಾರೆ. ಕಾರವಾರದವರು ಗೋವಾ ಕಡೆ ನೋಡುತ್ತಾರೆ, ಶಿರಸಿಯವರು ಹುಬ್ಬಳ್ಳಿ ಕಡೆ, ಭಟ್ಕಳದವರು ಮಂಗಳೂರು ಕಡೆ. ಎಲ್ಲಿಗೇ ಹೋಗಿ, ರೀಲ್ಸ್ ನೋಡಿ ಮಾತ್ರ ಜಾಗ ಆರಿಸಬೇಡಿ. ಅಲ್ಲಿ ಓಡಿಸುವವರು ಕಾಣುತ್ತಾರೆ, ಬೆಂಚಿನ ಮೇಲೆ ಕಾಯುತ್ತಾ ಕೂತವರು ಕಾಣುವುದಿಲ್ಲ.

ಹಂತ 1: ಓಡಿಸುವವರು ಯಾರು ಅಂತ ಎಣಿಸಿ

ಬಸ್ಸಿಗೆ ಹತ್ತುವವರೆಲ್ಲ ಕಾರ್ಟ್ ಹತ್ತುವುದಿಲ್ಲ. ಕಾರ್ಟಿಗೆ ಸಸ್ಪೆನ್ಶನ್ ಇರುವುದಿಲ್ಲ, ನೆಲದ ಪ್ರತಿ ಕುಲುಕೂ ನೇರ ಬೆನ್ನಿಗೆ ಬರುತ್ತದೆ. ಸೊಂಟ ನೋವು, ಕುತ್ತಿಗೆ ನೋವು ಇದ್ದವರು, ಹೃದಯದ ತೊಂದರೆ ಇದ್ದವರು, ಈಚೆಗೆ ಆಪರೇಷನ್ ಆದವರು, ಗರ್ಭಿಣಿಯರು ನೋಡುವವರ ಪಟ್ಟಿಗೆ. ಮಕ್ಕಳಿದ್ದರೆ ಎತ್ತರ ಎಷ್ಟಿರಬೇಕು ಅಂತ ಕೇಳಿ. ಒಂದೊಂದು ಕಡೆ ಒಂದೊಂದು ಅಳತೆ ಇರುತ್ತದೆ. ಡಬಲ್ ಸೀಟಿನ ಕಾರ್ಟ್ ಇದ್ದರೆ ದೊಡ್ಡವರ ಪಕ್ಕ ಕೂರಿಸಬಹುದು. ಇದನ್ನೆಲ್ಲ ಮನೆಯಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಅಷ್ಟು ದೂರ ಹೋದ ಮೇಲೆ ಕೌಂಟರಿನ ಅಳತೆಗೋಲಿನ ಮುಂದೆ ಒಂದು ಮಗು ಅಳುತ್ತಾ ನಿಂತರೆ ಇಡೀ ಗುಂಪಿನ ಮುಖ ಬಾಡುತ್ತದೆ.

ಹಂತ 2: ಒಟ್ಟಿಗೆ ಎಷ್ಟು ಕಾರ್ಟ್ ಬಿಡುತ್ತಾರೆ?

ಫೋನ್ ಮಾಡಿದವರು ಹೆಚ್ಚಾಗಿ ರೇಟ್ ಕೇಳಿ ಇಟ್ಟುಬಿಡುತ್ತಾರೆ. ಕೇಳಬೇಕಾದ ಮೊದಲ ಪ್ರಶ್ನೆ ಇದು. ಲೆಕ್ಕ ಹಾಕಿ ನೋಡಿ. ನೀವು 24 ಜನ, ಅವರು ಒಂದು ಸಲಕ್ಕೆ ಬಿಡುವುದು 8 ಕಾರ್ಟ್. ಅಂದರೆ 3 ಬ್ಯಾಚ್. ಓಟ 10 ನಿಮಿಷ, ಹೆಲ್ಮೆಟ್ ಹಾಕಿ, ಸೀಟು ಸರಿ ಮಾಡಿ, ನಿಯಮ ಹೇಳಿ ಬಿಡುವುದಕ್ಕೆ ಇನ್ನು 5 ನಿಮಿಷ ಅಂತಿಟ್ಟುಕೊಳ್ಳಿ. ಎಲ್ಲರೂ ಒಂದೊಂದು ಸಲ ಓಡಿಸಿ ಮುಗಿಯಲು 45 ನಿಮಿಷ. ಎರಡೆರಡು ಸಲ ಓಡಿಸಬೇಕೆಂದರೆ ಒಂದೂವರೆ ಗಂಟೆ, ಅದರಲ್ಲಿ ಒಬ್ಬೊಬ್ಬರ ಕೈಗೆ ಸ್ಟಿಯರಿಂಗ್ ಸಿಗುವುದು 20 ನಿಮಿಷ. ಅದೇ 12 ಕಾರ್ಟ್ ಬಿಡುವ ಜಾಗವಾದರೆ ಎಲ್ಲಾ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಹಾಗಂತ ಚಿಕ್ಕ ಟ್ರ್ಯಾಕಿನಲ್ಲಿ 12 ತುಂಬಿದರೆ ಓವರ್‌ಟೇಕ್ ಮಾಡಲು ಜಾಗವೇ ಇರುವುದಿಲ್ಲ, ಸುಮ್ನೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಆದ್ದರಿಂದ ಟ್ರ್ಯಾಕಿನ ಉದ್ದ, ಅಗಲವನ್ನೂ ಕೇಳಿ.

ಇದರ ಜೊತೆಗೇ ಇನ್ನೆರಡು ಪ್ರಶ್ನೆ. ಟ್ರ್ಯಾಕ್ ನಮ್ಮ ಗುಂಪಿಗೇ ಬಿಟ್ಟುಕೊಡುತ್ತೀರಾ, ಇಲ್ಲಾ ಹೊರಗಿನವರ ಜೊತೆ ಸೇರಿಸುತ್ತೀರಾ? ಹಣ ನಿಮಿಷಕ್ಕೋ, ಸುತ್ತಿಗೋ? ನಿಮಿಷದ ಲೆಕ್ಕವಾದರೆ ಯಾರಾದರೂ ಟೈರ್ ಗೋಡೆಗೆ ಗುದ್ದಿ ಎಲ್ಲರನ್ನೂ ನಿಲ್ಲಿಸಿದಾಗ ಗಡಿಯಾರ ನಿಲ್ಲಿಸುತ್ತೀರಾ ಅಂತಲೂ ಕೇಳಿ. ಹೊಸಬರ ಗುಂಪಿನಲ್ಲಿ ಇದು ಆಗಿಯೇ ಆಗುತ್ತದೆ. ಅಭ್ಯಾಸ, ಅರ್ಹತಾ ಸುತ್ತು, ಫೈನಲ್ ಅಂತ ರೇಸ್ ಮಾಡಿಸಿಕೊಡುವ ಜಾಗವಾದರೆ ಇನ್ನೂ ಒಳ್ಳೆಯದು. ಕಾರ್ಟಿಗೆ ಸಮಯ ಅಳೆಯುವ ಚಿಪ್ ಇದ್ದು, ಹೊರಗಿನ ಪರದೆಯಲ್ಲಿ ಪ್ರತಿ ಸುತ್ತಿನ ಸಮಯ ಬರುತ್ತಿದ್ದರೆ ಕಾಯುವವರಿಗೂ ಬೇಜಾರಾಗುವುದಿಲ್ಲ. ಸದಾ ಗಂಭೀರವಾಗಿರುವ ನಿಮ್ಮ ಮ್ಯಾನೇಜರ್ ಕೊನೆಯ ಸ್ಥಾನದಲ್ಲಿ ತೆವಳುವುದನ್ನು ನೋಡುವುದಕ್ಕೇ ಅರ್ಧ ದುಡ್ಡು ಹುಟ್ಟುತ್ತದೆ ಬಿಡಿ.

ಹಂತ 3: ಪೆಟ್ರೋಲೋ, ಕರೆಂಟೋ?

ಬಾಡಿಗೆ ಕಾರ್ಟುಗಳಲ್ಲಿ ಹೆಚ್ಚಾಗಿ ಇರುವುದು 200 ಸಿಸಿ ಆಸುಪಾಸಿನ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್. ತೋಟಕ್ಕೆ ನೀರೆತ್ತುವ, ಅಡಿಕೆಗೆ ಔಷಧಿ ಹೊಡೆಯುವ ಪಂಪಿಗೆ ಕೂರಿಸುತ್ತಾರಲ್ಲ, ಅದೇ ಜಾತಿಯದು. ಅಂಥ ಎಂಟು ಎಂಜಿನ್‌ಗಳನ್ನು ಮುಚ್ಚಿದ ಶೆಡ್ಡಿನೊಳಗೆ ಒಟ್ಟಿಗೆ ಓಡಿಸಿದರೆ ಏನಾಗುತ್ತದೆ ಯೋಚಿಸಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ. ಓಡಿಸುವವರಿಗಿಂತ ಒಳಗೆ ಕಾಯುವವರು ಅದನ್ನು ಜಾಸ್ತಿ ಹೊತ್ತು ಕುಡಿಯುತ್ತಾರೆ. ಪೆಟ್ರೋಲ್ ಕಾರ್ಟ್ ಇದ್ದರೆ ಗಾಳಿ ಎಳೆದು ಹೊರಹಾಕುವ ದೊಡ್ಡ ಫ್ಯಾನುಗಳಿವೆಯಾ, ಅವು ತಿರುಗುತ್ತಿವೆಯಾ, ಕಾಯುವ ಜಾಗ ಬೇರೆ ಇದೆಯಾ ನೋಡಿ. ಹತ್ತು ನಿಮಿಷ ನಿಂತಾಗ ಕಣ್ಣು ಉರಿದರೆ ಆ ಜಾಗ ಬೇಡ.

ಕರೆಂಟಿನ ಕಾರ್ಟಿಗೆ ಈ ತಾಪತ್ರಯ ಇಲ್ಲ. ಆದರೆ ಪೆಡಲ್ ಒತ್ತಿದ ಕೂಡಲೇ ನೆಗೆಯುತ್ತದೆ, ಹೊಸಬರಿಗೆ ಹೇಳಿಟ್ಟಿರಬೇಕು. ಕೊನೆಯ ಬ್ಯಾಚಿನವರಿಗೆ ಚಾರ್ಜ್ ಉಳಿದಿರುತ್ತದಾ, ಮಧ್ಯೆ ಚಾರ್ಜಿಂಗ್‌ಗೆ ಬಿಡುವು ಬೇಕಾ ಅಂತ ಕೇಳಿ. ಹೊರಗಿನಿಂದಲೇ ರಿಮೋಟಿನಲ್ಲಿ ವೇಗ ಇಳಿಸುವ ವ್ಯವಸ್ಥೆ ಇದ್ದರೆ ನನ್ನ ಮತ ಆ ಜಾಗಕ್ಕೆ.

ಹಂತ 4: ಹೆಲ್ಮೆಟ್, ಕೂದಲು, ಚಪ್ಪಲಿ

ಇಲ್ಲಿ ರಾಜಿ ಬೇಡ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಹೊರವಲಯದ ಒಂದು ಗೋ-ಕಾರ್ಟಿಂಗ್ ಜಾಗದಲ್ಲಿ ಕೂದಲು ಚಕ್ರಕ್ಕೆ ಸಿಕ್ಕಿ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಕಾರ್ಟಿನ ಹಿಂದಿನ ಎರಡು ಚಕ್ರಗಳಿಗೆ ಒಂದೇ ಕಬ್ಬಿಣದ ಸರಳು, ಅದು ನಿಮ್ಮ ಬೆನ್ನ ಹಿಂದೆಯೇ ತಿರುಗುತ್ತಿರುತ್ತದೆ. ಉದ್ದ ಜಡೆಯನ್ನು ಸುತ್ತಿ ತಲೆಗವಸಿನೊಳಗೆ ಪೂರ್ತಿ ತುರುಕಿ, ಅದರ ಮೇಲೆ ಹೆಲ್ಮೆಟ್ ಹಾಕಬೇಕು. ಜಡೆಯನ್ನು ಶರ್ಟಿನೊಳಗೆ ಬಿಟ್ಟರೆ ಸಾಲದು. ವೇಲು, ಸೀರೆ ಸೆರಗು, ಜೋತಾಡುವ ಐಡಿ ಕಾರ್ಡಿನ ದಾರ ಯಾವುದೂ ಕಾರ್ಟಿನಲ್ಲಿ ಬೇಡ. ಹೆಲ್ಮೆಟ್ ಹಾಕಿ ಗಲ್ಲದ ಪಟ್ಟಿ ಬಿಗಿದು ತಲೆ ಅಲ್ಲಾಡಿಸಿ, ಹೆಲ್ಮೆಟ್ ತನ್ನಷ್ಟಕ್ಕೆ ತಿರುಗಿದರೆ ಚಿಕ್ಕದು ಕೇಳಿ. ತಲೆಗವಸು ನಿಮ್ಮದೇ ಒಯ್ಯಿರಿ. ಅಲ್ಲಿ ಕೊಡುವುದು ಹಿಂದಿನವರ ಬೆವರಿನಲ್ಲಿ ತೊಯ್ದಿರುತ್ತದೆ.

ಚಪ್ಪಲಿ ನಡೆಯುವುದಿಲ್ಲ, ಶೂ ಬೇಕು. ಮಳೆಯಲ್ಲಿ ನೆಂದ ಶೂ ಪೆಡಲಿನ ಮೇಲೆ ಜಾರುತ್ತದೆ, ಒಂದು ಜೊತೆ ಒಣಗಿದ್ದು ಚೀಲದಲ್ಲಿರಲಿ. ಬಲಗಾಲಿಗೆ ಆಕ್ಸಿಲರೇಟರ್, ಎಡಗಾಲಿಗೆ ಬ್ರೇಕ್, ಎರಡನ್ನೂ ಒಟ್ಟಿಗೆ ಒತ್ತಬಾರದು. ಹಳದಿ ಬಾವುಟ ಬಂದರೆ ನಿಧಾನ, ಕೆಂಪು ಬಂದರೆ ನಿಲ್ಲಬೇಕು. ಇಷ್ಟನ್ನೂ ಹೇಳದೆ ಕಾರ್ಟ್ ಕೊಡುವವರ ಹತ್ತಿರ ಓಡಿಸಬೇಡಿ.

ಹಂತ 5: ದಾರಿ, ಊಟ, ಅಡ್ವಾನ್ಸ್

ಕಾರವಾರದಿಂದ ಮಡಗಾಂವ್‌ಗೆ ರೈಲಿನಲ್ಲಿ ಒಂದು ಗಂಟೆ ಆಸುಪಾಸು. ಶಿರಸಿಗೆ ರೈಲಿಲ್ಲ, ಹುಬ್ಬಳ್ಳಿ ಸುಮಾರು 100 ಕಿ.ಮೀ., ಟೆಂಪೊ ಟ್ರಾವೆಲರ್ ಗತಿ. ಕಾರ್ಟಿಂಗ್ ಬೆಳಿಗ್ಗೆ ಇಟ್ಟುಕೊಳ್ಳಿ, ಮೀನೂಟ ಆಮೇಲೆ. ಹೊಟ್ಟೆ ತುಂಬಿಸಿಕೊಂಡು ತಿರುವುಗಳಲ್ಲಿ ಓಡಿಸಿದರೆ ಉಂಡದ್ದು ಒಳಗೆ ನಿಲ್ಲುವುದು ಕಷ್ಟ. ಗೋವಾ ಅಂದ ಮೇಲೆ ಇನ್ನೊಂದು ವಿಷಯವೂ ಇದೆ, ಅಲ್ವಾ? ಕುಡಿದವರಿಗೆ ಕಾರ್ಟ್ ಇಲ್ಲ. ಬೆಳಗಿನ ಹೊತ್ತು ಬುಕ್ ಮಾಡಲು ಅದೂ ಒಂದು ಕಾರಣ.

ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ, ತಲೆಗವಸಿಗೆ ಬೇರೆ ದುಡ್ಡಾ, ಪೆಟ್ಟಾದರೆ ವಿಮೆ ಇದೆಯಾ, ಕಾರ್ಟಿಗೆ ಹಾನಿಯಾದರೆ ಯಾರು ಕೊಡಬೇಕು ಅಂತ ಕೇಳಿ. ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಮೊದಲೇ ವಾಟ್ಸ್ಆ್ಯಪ್‌ಗೆ ತರಿಸಿ, ಓದಿ. ಕೊನೆಗೆ ಅಡ್ವಾನ್ಸ್. ನಮ್ಮ ರಸ್ತೆಗಳನ್ನು ಮಳೆಗಾಲದಲ್ಲಿ ನಂಬುವ ಹಾಗಿಲ್ಲ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾದದ್ದು ಎಲ್ಲರಿಗೂ ಗೊತ್ತು. ರಸ್ತೆ ಬಂದಾದರೆ ಹಣ ವಾಪಸ್ಸೋ, ಬೇರೆ ದಿನ ಕೊಡುತ್ತಾರೋ ಕೇಳಿ. ಫೋನಿನಲ್ಲಿ 'ಆಯ್ತು ಸರ್' ಅಂದರೆ ಸಾಲದು, ಅದೇ ಮಾತನ್ನು ಮೆಸೇಜಿನಲ್ಲಿ ಹಾಕಿಸಿಕೊಂಡ ಮೇಲೆ ಯುಪಿಐ ಮಾಡಿ.